ನಾಲ್ಕನೇ ಪಾಲುದಾರರ ಸಹಿ

ನಮ್ಮ ಟ್ರಂಕು ತಯಾರಿಕೆಯ ಸಂಸ್ಥೆಗೆ ನಾಲ್ಕು ಜನ ಪಾಲುದಾರರು. ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಿದವರು ಮೂರೇ ಜನ. ಇದರಲ್ಲಿ ತೊಡಕೇನಾದರೂ ಇದೆ ಎಂದು ಹೆಚ್ಚು ಕಡಿಮೆ ಎರಡು ವರ್ಷ ನಮಗೆ ಯಾರಿಗೂ ಅನ್ನಿಸಲಿಲ್ಲ. ಏಕೆಂದರೆ ನಾಲ್ಕನೆಯವರು ದೇವಿ.

ಮೂವರಲ್ಲಿ ಒಬ್ಬ ನಾನು. ಸೈನ್ಯದ ಉಗ್ರಾಣದಲ್ಲಿ ಲೆಕ್ಕ ಬರೆಯುವ ಕೆಲಸ ಮುಗಿಸಿ ಬಂದು, ಬಸವೇಶ್ವರನಗರದಲ್ಲಿ ಒಂದು ಮನೆ ಕಟ್ಟಿಸಿ, ಉಳಿದ ಹಣವನ್ನು ಇದರಲ್ಲಿ ಹಾಕಿದ್ದೆ. ಎರಡನೆಯವರು ತಗಡಿನ ಕೆಲಸದ ಮೇಸ್ತ್ರಿ. ರಾಜಾಜಿನಗರದ ಒಂದು ಶೆಡ್ಡಿನಲ್ಲಿ ಬೀರು ಮಾಡುತ್ತಿದ್ದವರು. ಮೂರನೆಯವರು ಸುಂಕದಕಟ್ಟೆಯ ಒಬ್ಬ ಗೌಡರು. ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗೆ ಅವರ ದನದ ಕೊಟ್ಟಿಗೆ ಇತ್ತು. ದನಗಳನ್ನು ಮಾರಿ ಆಗಿತ್ತು. ಕೊಟ್ಟಿಗೆಗೆ ಹೊಸ ಶೀಟು ಹೊದಿಸಿ, ನೆಲಕ್ಕೆ ಗಾರೆ ಹಾಕಿಸಿ, ಬ್ಯಾಂಕಿನ ಸಾಲದಲ್ಲಿ ತಗಡು ಕತ್ತರಿಸುವ ಯಂತ್ರವೊಂದನ್ನು ತಂದು ನಿಲ್ಲಿಸಿದೆವು. ಎಂಬತ್ತರ ದಶಕದ ನಡುವಿನ ಮಾತು. ಹಾಸ್ಟೆಲಿಗೆ ಹೋಗುವ ಹುಡುಗರಿಗೂ ಸೈನ್ಯಕ್ಕೆ ಸೇರುವವರಿಗೂ ಆಗ ಕಪ್ಪು ಬಣ್ಣದ ಕಬ್ಬಿಣದ ಟ್ರಂಕು ಇಲ್ಲದೆ ಆಗುತ್ತಿರಲಿಲ್ಲ.

ಗೌಡರ ಮನೆಯಲ್ಲಿ ಮಾತು ನಡೆಯುತ್ತಿದ್ದುದು ಅಜ್ಜಿಯದು. ನಾವು ಅಜ್ಜಿ ಎನ್ನುತ್ತಿದ್ದರೂ ಆಕೆ ಗೌಡರ ತಾಯಿಯ ಅಕ್ಕ. ತಾಯಿ ಬೇಗ ತೀರಿಕೊಂಡದ್ದರಿಂದ ಗೌಡರನ್ನು ಸಾಕಿದವರು ಆಕೆಯೇ. ಕೊಟ್ಟಿಗೆ ಕೊಡಲು ಆಕೆಯದು ಒಂದೇ ಷರತ್ತು.

"ನಮ್ ಜಾಗ್ದಲ್ಲಿ ಏನಾದ್ರೂ ಮಾಡ್ಕಳಿ ಸಾಮಿ. ಅಮ್ಮಂಗೆ ಪಾಲಿಕ್ಕಿ ಮಾಡ್ಬೇಕು. ಅವ್ಳಿಗಿಲ್ದೆ ನಮ್ಮನೇಲಿ ಯಾವ್ದೂ ಆಗಿಲ್ಲ."

ಅಮ್ಮ ಎಂದರೆ ಊರ ಬಾಗಿಲ ಚಿಕ್ಕ ಗುಡಿಯಲ್ಲಿರುವ ದೊಡ್ಡಮ್ಮ ದೇವಿ. ಹೊಲ ಇದ್ದ ಕಾಲದಲ್ಲಿ ಆ ಮನೆಯ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಮೊರ ದೊಡ್ಡಮ್ಮನದು. ಹೊಲ ಹೋಗಿ ಸೈಟುಗಳಾದವು, ಕಣ ಹೋಗಿ ಕಾರ್ಖಾನೆ ಬಂತು. ಮೊರ ಮಾತ್ರ ನಿಲ್ಲಬಾರದು ಎಂಬುದು ಅಜ್ಜಿಯ ಲೆಕ್ಕ. ನಮಗೂ ಅದು ಭಾರ ಅನ್ನಿಸಲಿಲ್ಲ. ರೂಪಾಯಿಗೆ ಹದಿನಾರು ಆಣೆ. ಮೂರು ಜನಕ್ಕೆ ಐದೈದು ಆಣೆ ಹೋದರೆ ಒಂದಾಣೆ ಉಳಿಯುತ್ತದೆ. ಅದು ದೇವಿಗೆ. ಭಾಗ ಇಷ್ಟು ಸಲೀಸಾಗಿ ಕೂತದ್ದು ನೋಡಿ ನನಗಂತೂ ಸಂತೋಷವೇ ಆಯಿತು.

ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಟೈಪ್ ಮಷೀನ್ ಇಟ್ಟುಕೊಂಡು ಕೂರುವ ಪತ್ರ ಬರಹಗಾರರೊಬ್ಬರು ಸ್ಟಾಂಪ್ ಪೇಪರಿನ ಮೇಲೆ ನಾವು ಹೇಳಿದ್ದನ್ನು ಹೇಳಿದ ಹಾಗೆ ಹೊಡೆದರು. "ನಾಲ್ಕನೇ ಪಾಲುದಾರರು: ದೊಡ್ಡಮ್ಮನವರು, ಊರ ಬಾಗಿಲು, ಸುಂಕದಕಟ್ಟೆ." ಮೂವರೂ ಸಹಿ ಹಾಕಿದೆವು. ಪತ್ರವನ್ನು ಮನೆಗೆ ತಂದಾಗ ಅಜ್ಜಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಾಲ್ಕನೇ ಹೆಸರಿನ ಮುಂದೆ ಖಾಲಿ ಉಳಿದಿದ್ದ ಜಾಗದಲ್ಲಿ ಒಂದು ಕುಂಕುಮದ ಬೊಟ್ಟು ಇಟ್ಟರು.

ಆದಾಯ ತೆರಿಗೆಯ ಕಾಗದಗಳನ್ನು ನಾನೇ ನೋಡಿಕೊಂಡೆ. ಆಗಿನ ಕಾನೂನಿನಲ್ಲಿ ಪಾಲುದಾರಿಕೆ ಸಂಸ್ಥೆ ತೆರಿಗೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಿತ್ತು. ನೋಂದಣಿ ಆದರೆ ಲಾಭ ಪಾಲುದಾರರ ನಡುವೆ ಹಂಚಿಹೋಗುತ್ತದೆ, ಅವರವರ ಪಾಲಿಗೆ ಅವರವರು ತೆರಿಗೆ ಕಟ್ಟುತ್ತಾರೆ. ನಮ್ಮಂಥ ಸಣ್ಣವರ ಪಾಲು ತೆರಿಗೆಯ ಮಿತಿಯನ್ನೇ ಮುಟ್ಟುತ್ತಿರಲಿಲ್ಲ. ಅರ್ಜಿಯನ್ನು ಮೊದಲ ವರ್ಷ ಮುಗಿಯುವ ಮುನ್ನವೇ ಮೂಲಪತ್ರದ ಸಮೇತ ಕೊಟ್ಟು, ಕಾರ್ಬನ್ ಪ್ರತಿಯನ್ನು ನನ್ನಲ್ಲಿಟ್ಟುಕೊಂಡು, ಸ್ವೀಕೃತಿ ಪಡೆದುಕೊಂಡೆ. ಪಕ್ಕದ ಮನೆಯ ಗುಮಾಸ್ತರೊಬ್ಬರು, "ಯಾರಾದ್ರೂ ಆಡಿಟರ್‌ಗೆ ಒಂದ್ಸಲ ತೋರ್ಸಿ ಸಾರ್," ಎಂದಿದ್ದರು. ಫಾರಂ ತುಂಬಿಯೇ ತಲೆ ನರೆತವನಿಗೆ ಅದು ಅನಗತ್ಯ ಖರ್ಚಾಗಿ ಕಂಡಿತು.

ಇನ್ನು ನಮ್ಮ ಸಂಬಳ. ಸಂಸ್ಥೆಗೆ ದುಡಿದವನಿಗೆ ತಿಂಗಳ ಸಂಬಳ ಸಿಗಬೇಕು, ಅದು ಒಂದನೇ ತಾರೀಖು ಸಿಗಬೇಕು, ಅದಕ್ಕೆ ಸಹಿ ಇರಬೇಕು. ಇದು ನಾನು ಬಲ್ಲ ಒಂದೇ ಕ್ರಮ. ಒಂದನೇ ತಾರೀಖು ಬೆಳಗ್ಗೆ ಹತ್ತಕ್ಕೆ ಯಂತ್ರ ನಿಲ್ಲಿಸಿ ಮೇಜು ಹಾಕುತ್ತಿದ್ದೆ. ಮೊದಲು ಇಬ್ಬರು ಕೆಲಸಗಾರರು, ಆಮೇಲೆ ಮೇಸ್ತ್ರಿ, ಆಮೇಲೆ ಗೌಡರು. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ, ಕೈಗೆ ಲಕೋಟೆ. ಕೊನೆಗೆ ನಾನು ಮೇಜಿನ ಆ ಕಡೆಯಿಂದ ಎದ್ದು ಈ ಕಡೆಗೆ ಬಂದು, ಸಹಿ ಹಾಕಿ, ನನ್ನ ಲಕೋಟೆ ತೆಗೆದುಕೊಳ್ಳುತ್ತಿದ್ದೆ. ಒಮ್ಮೆ ಮನೆಯ ಕೆಲಸಕ್ಕೆ ಅರ್ಧ ದಿನ ಬಂದಿರಲಿಲ್ಲ. ಅರ್ಧ ದಿನದ ಸಂಬಳ ಹಿಡಿದುಕೊಂಡೆ.

ಮೇಸ್ತ್ರಿ ಸುಮ್ಮನಿರುವವರಲ್ಲ. "ಮಿಲ್ಟ್ರಿ ಸಾರ್, ಸಂಬಳ ಜಾಸ್ತಿ ಮಾಡಿ ಅಂತ ನಿಮಗೆ ನೀವೇ ಒಂದು ಅರ್ಜಿ ಹಾಕ್ಕೊಳಿ. ಆಮೇಲೆ ನೀವೇ ಆಗಲ್ಲ ಅಂತ ವಾಪಸ್ ಕಳಿಸಿ."

"ಕ್ರಮ ಇರಬೇಕು ಮೇಸ್ತ್ರಿ."

"ಇರ್ಲಿ ಸಾರ್. ಮೇಜು ಸುತ್ತಿ ಬರೋಷ್ಟರಲ್ಲಿ ನಿಮ್ಮ ದುಡ್ಡು ನೀವೇ ಕದ್ದುಬಿಟ್ಟೀರಿ, ನೋಡ್ಕೊಳಿ."

ಹೀಗೆ ಹನ್ನೆರಡು ತಿಂಗಳು ನಡೆಯಿತು. ವರ್ಷದ ಲೆಕ್ಕ ಮುಗಿಸುವಾಗ ತಗಡು, ಬಣ್ಣ, ಕರೆಂಟು, ಕೂಲಿ ಇವುಗಳ ಜೊತೆಗೆ ನಮ್ಮ ಮೂವರ ಸಂಬಳವನ್ನೂ ಖರ್ಚಿನಲ್ಲಿ ತೋರಿಸಿದೆ. ಉಳಿದ ಅಲ್ಪ ಲಾಭವನ್ನು ಆಣೆ ಪ್ರಕಾರ ಹಂಚಿದೆ. ದೊಡ್ಡಮ್ಮನ ಒಂದಾಣೆಯಲ್ಲಿ ಗುಡಿಗೆ ಸುಣ್ಣ ಬಣ್ಣ ಆಯಿತು. ನನ್ನ ಸ್ವಂತ ರಿಟರ್ನಿನಲ್ಲಿ ಸಂಬಳದಾರರಿಗೆ ಸಿಗುವ ಕಡಿತವನ್ನೂ ಹಾಕಿಕೊಂಡೆ. ಜುಲೈ ಒಳಗೆ ಎಲ್ಲ ರಿಟರ್ನು ಸಲ್ಲಿಸಿ ಆಯಿತು. ಒಂದು ಚುಕ್ಕೆಯೂ ತಪ್ಪಿಲ್ಲ ಎಂಬ ನೆಮ್ಮದಿಯಲ್ಲಿದ್ದೆ.

ಮರು ಜನವರಿಯಲ್ಲಿ ನೋಟೀಸು ಬಂತು. ಪತ್ರದ ಮೂಲಪ್ರತಿಯ ವಿಚಾರವಾಗಿ ಪಾಲುದಾರರು ಹಾಜರಾಗಬೇಕು. ಮೇಸ್ತ್ರಿಯನ್ನು ಕೆಲಸದ ಮೇಲೆ ಬಿಟ್ಟು ಗೌಡರೂ ನಾನೂ ಹೋದೆವು.

ಆಫೀಸರು ನಡುವಯಸ್ಸಿನವರು, ಮಾತು ಧಾರವಾಡದ ಕಡೆಯದು. ನಮ್ಮ ಕಡತ ಅವರ ಮುಂದೆ ತೆರೆದಿತ್ತು.

"ಬರ್ರಿ, ಕೂಡ್ರಿ. ಈ ಸಂಬಳ ಅಂತ ಖರ್ಚು ಹಾಕೀರಲ್ಲ, ಇದು ಯಾರಿಗೆ ಕೊಟ್ಟದ್ದು?"

"ನಮಗೇ ಸಾರ್. ಮೂರು ಜನಕ್ಕೂ. ಪ್ರತಿ ತಿಂಗಳೂ ಸಹಿ ಇದೆ."

"ಕೊಟ್ಟಾವ್ರು ಯಾರು?"

"ನಾವೇ."

ಅವರು ಪೆನ್ನು ಕೆಳಗಿಟ್ಟರು. "ಎಡಗೈಲಿಂದ ಬಲಗೈಗೆ ಕೊಟ್ಟು ಖರ್ಚು ಅಂತ ಬರೀತಾರೇನ್ರಿ? ಪಾಲುದಾರ ಅಂದ್ರ ಮಾಲಕ. ಮಾಲಕಗ ಸಂಬಳ ಇಲ್ಲ. ಲಾಭ ಬಂದ್ರ ತಗೋಬೇಕು, ಬರದಿದ್ರ ಸುಮ್ನ ಕೂಡಬೇಕು. ನಡುವ ಮನಿ ಖರ್ಚಿಗೆ ಎತ್ತಿಕೊಂಡ್ರ ಅದಕ್ಕ ಡ್ರಾಯಿಂಗ್ಸ್ ಅಂತಾರ. ಅದು ಖರ್ಚಲ್ಲ, ನಿಮ್ಮ ಲಾಭಾನ ನೀವು ಮೊದಲ ತಿಂದದ್ದು. ಇದಿಷ್ಟೂ ಲಾಭಕ್ಕ ವಾಪಸ್ ಸೇರಸ್ತೀನಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಒಮ್ಮೆ ಅರ್ಧ ದಿನದ್ದು ಕಟ್ ಮಾಡಿದ್ದೂ ಇದೆ ಸಾರ್," ಎಂದೆ.

"ಯಾರದು?"

"ನನ್ನದೇ."

ಅವರು ಕಡತದಿಂದ ತಲೆ ಎತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

"ಇರ್ಲಿ, ಇದು ಸಣ್ಣ ತಪ್ಪು. ಈಗ ದೊಡ್ಡದಕ್ಕ ಬರೂಣು. ಈ ದೊಡ್ಡಮ್ಮ ಅನ್ನಾಕಿ ಯಾರು? ಆಕಿ ಸಹಿ ಎಲ್ಲದ? ಕೆಂಪು ಇಂಕಿನಾಗ ಹೆಬ್ಬೆಟ್ಟು ಒತ್ತಿಸೀರಿ, ಒಂದು ಗೆರಿನೂ ಮೂಡಿಲ್ಲ."

"ಅದು ಹೆಬ್ಬೆಟ್ಟಲ್ಲ ಸಾರ್. ಕುಂಕುಮ."

"ಕುಂಕುಮ!" ಅವರು ಕಡತದಿಂದ ಇನ್ನೊಂದು ಹಾಳೆ ಹೊರತೆಗೆದರು. ಈ ಬಾರಿ ಧ್ವನಿ ಬಿಗಿಯಾಗಿತ್ತು. "ನಮ್ಮ ಇನ್‌ಸ್ಪೆಕ್ಟರ್ ನಿಮ್ಮ ಊರಿಗೆ ಹೋಗಿ ಆಕೀನ ಕಂಡು, ಹೇಳಿಕಿ ಬರಕೊಂಡು ಬಂದಾರ. ಕೇಳ್ರಿ." ಓದಿದರು. "'ನನ್ನನ್ನು ದೊಡ್ಡಮ್ಮ ಎಂದು ಕರೆಯುತ್ತಾರೆ. ಟ್ರಂಕಿನ ಕಂಪನಿಯಲ್ಲಿ ನನಗೆ ಪಾಲಿಲ್ಲ. ಅವರ ದುಡ್ಡು ಒಂದು ಕಾಸೂ ನಾನು ಮುಟ್ಟಿದವಳಲ್ಲ. ಬೇಕಾದರೆ ಆಣೆ ಮಾಡುತ್ತೇನೆ.' ಕೆಳಗ ಹೆಬ್ಬೆಟ್ಟು. ಇದು ಖರೇ ಹೆಬ್ಬೆಟ್ಟು, ಕಪ್ಪು ಇಂಕಿನಾಗ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ದೇವಿ ಹೇಳಿಕೆ ಕೊಟ್ಟಿದ್ದಾಳೆ. ಅದೂ ನಮ್ಮ ವಿರುದ್ಧ.

"ಏನ್ ತಿಳೀಬೇಕ್ರಿ ನಾ? ಲಾಭ ಹಂಚಿ ತೋರ್ಸಾಕ ಏನೂ ಅರಿಯದ ಒಬ್ಬ ಮುದುಕಿ ಹೆಸರು ಬರದೀರಿ. ಬೇನಾಮಿ. ದಂಡ ಬೀಳ್ತದ."

ಬೇನಾಮಿ. ಒಂದು ಗುಂಡಿ ಹೆಚ್ಚು ಬಂದರೂ ಪತ್ರ ಬರೆದು ಹಿಂದಿರುಗಿಸುವ ಉಗ್ರಾಣದಲ್ಲಿ ಬದುಕು ಕಳೆದವನಿಗೆ ಆ ಮಾತು ಹೇಗಿತ್ತೆಂದು ವಿವರಿಸಲಾರೆ. ಅಷ್ಟರಲ್ಲಿ ಪಕ್ಕದಲ್ಲಿ ಗೌಡರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಿದ್ದರು.

"ಅಯ್ಯೋ, ಅದು ನಮ್ ದೊಡ್ಡಮ್ಮ ಸಾರ್! ನಮ್ ತಾಯಿ ಅಕ್ಕ. ಬೀದಿಯೋರೆಲ್ಲಾ ಹಂಗೇ ಕರೀತಾರೆ. ಪತ್ರದಲ್ಲಿರೋ ದೊಡ್ಡಮ್ಮ ಬೇರೆ!"

"ಎಷ್ಟು ಮಂದಿ ದೊಡ್ಡಮ್ಮ ಇದ್ದಾರ್ರಿ ನಿಮ್ಮ ಊರಾಗ?"

"ಇಬ್ರು ಸಾರ್. ಒಬ್ರು ನಮ್ಮನೇಲವ್ರೆ. ಇನ್ನೊಬ್ರು ಗುಡೀಲವ್ರೆ. ದೇವ್ರು ಸಾರ್."

ಆಫೀಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಯಾರದೋ ಟೈಪ್ ಮಷೀನಿನ ಸದ್ದು ಕೇಳುತ್ತಿತ್ತು.

"ಅಂದ್ರ... ನಮ್ಮ ಕಡೆ ದ್ಯಾಮವ್ವ ಇದ್ದಂಗ?"

"ಹೂಂ ಸಾರ್. ಅಕ್ಕ ತಂಗೀರು ಇರ್ಬೋದು."

ಅವರು ನಕ್ಕರು. ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೇನಾಮಿ ಎಂದು ಬರೆಯಲು ಇಟ್ಟಿದ್ದ ಹಾಳೆಯನ್ನು ನಮ್ಮೆದುರಿಗೇ ಹರಿದು ಬುಟ್ಟಿಗೆ ಹಾಕಿದರು. ಆದರೆ ನಗು ನಿಂತ ಮೇಲೆ ಅವರು ಹೇಳಿದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ. ನೋಂದಣಿಗೆ ಪಾಲುದಾರರೆಲ್ಲರೂ ಸ್ವತಃ ಸಹಿ ಹಾಕಿರಬೇಕು. ಒಬ್ಬರು ಹಾಕದಿದ್ದರೂ ನೋಂದಣಿ ಇಲ್ಲ. ನೋಂದಣಿ ಇಲ್ಲದ ಸಂಸ್ಥೆಯ ಲಾಭವನ್ನು ಹಂಚಲಾಗುವುದಿಲ್ಲ. ಇಡೀ ಲಾಭವನ್ನು ಒಬ್ಬನೇ ಗಳಿಸಿದ ಹಾಗೆ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ. ಆ ಇಡೀ ಲಾಭಕ್ಕೆ ಈಗ ನಮ್ಮ ಹನ್ನೆರಡು ತಿಂಗಳ ಸಂಬಳವೂ ಸೇರಿತ್ತು.

"ಮೊದಲನೇ ವರ್ಷದ್ದು ಮುಗೀತು, ನಾ ಏನೂ ಮಾಡಾಕ ಬರೂದಿಲ್ಲ. ಈ ವರ್ಷದ್ದು ಉಳಸ್ಕೋಬೇಕಾದ್ರ ಮಾರ್ಚ್ ಮೂವತ್ತೊಂದರೊಳಗ ಸರಿಯಾದ ಪತ್ರ ತರ್ರಿ. ಒಂದು, ಆಕಿ ಹೆಸರು ತಗೀರಿ. ಇಲ್ಲಾ, ಆಕಿ ಕಡಿಂದ ಸಹಿ ಮಾಡಿಸ್ಕೊಂಡು ಬರ್ರಿ."

ಬಸ್ಸಿನಲ್ಲಿ ನಾನು ಕೈಯಲ್ಲೇ ಲೆಕ್ಕ ಹಾಕಿದೆ. ಮೊದಲ ವರ್ಷದ ತೆರಿಗೆಗೆ, ಎರಡನೇ ಯಂತ್ರಕ್ಕೆಂದು ಎತ್ತಿಟ್ಟದ್ದೆಲ್ಲ ಹೋಗುತ್ತದೆ. ಎರಡನೇ ವರ್ಷಕ್ಕೂ ಇದೇ ಆದರೆ ಬ್ಯಾಂಕಿನ ಕಂತು ನಿಲ್ಲುತ್ತದೆ, ಯಂತ್ರ ಹೋಗುತ್ತದೆ, ಕೆಲಸವೂ ಹೋಗುತ್ತದೆ.

"ಹೆಸರು ತೆಗೆಸಿಬಿಡೋಣ ಗೌಡ್ರೆ," ಎಂದೆ.

ಗೌಡರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಅಮ್ಮನ್ನ ತೆಗೆದ್ರೆ ಅಜ್ಜಿ ಕೊಟ್ಟಿಗೆ ಖಾಲಿ ಮಾಡ್ಸುತ್ತೆ ಸಾರ್. ನಾನೇನ್ ಹೇಳಿದ್ರೂ ಕೇಳಲ್ಲ. ಜಾಗ ಅದರ ಹೆಸ್ರಲ್ಲೈತೆ."

ಇಟ್ಟುಕೊಂಡರೆ ತೆರಿಗೆ ಮುಳುಗಿಸುತ್ತದೆ. ತೆಗೆದರೆ ಜಾಗ ಹೋಗುತ್ತದೆ.

ಮೇಸ್ತ್ರಿ ಕೂತು ಟ್ರಂಕಿನ ಮುಚ್ಚಳದ ಅಂಚಿಗೆ ತಂತಿ ಇಟ್ಟು ತಗಡು ಮಡಚುತ್ತಿದ್ದರು. ಎಲ್ಲ ಕೇಳಿಸಿಕೊಂಡು ಸುತ್ತಿಗೆ ಕೆಳಗಿಟ್ಟರು. "ಅಂದ್ರೆ ಇಷ್ಟು ದಿನ ನಾನು ಸಂಬಳ ಅಂತ ತಗೊಂಡಿದ್ದು ಸಂಬಳ ಅಲ್ವಾ? ಮತ್ತೆ ಬೆಳಗಿಂದ ಸಂಜೇವರ್ಗೂ ನಾನು ಬಡೀತಿರೋದು ಏನು, ಭಜನೇನಾ?"

ಮರುದಿನ ಪತ್ರ ಬರಹಗಾರರ ಹತ್ತಿರ ಮೂವರೂ ಹೋದೆವು. ಅವರು ನಮ್ಮ ಸಂಕಟ ಕೇಳಿ ಕಾಫಿ ಲೋಟ ಕೆಳಗಿಡದೆಯೇ ದಾರಿ ಹೇಳಿದರು.

"ಇದೇನ್ ಸಾರ್, ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೊಂಡಿದ್ದೀರಾ? ಮನೇಲಿರೋ ಅಜ್ಜಿ ಹೆಸರೂ ದೊಡ್ಡಮ್ಮ ತಾನೆ? ಆಕೆದೇ ಹೆಬ್ಬೆಟ್ಟು ಒತ್ತಿಸಿ. ಆಗ ಪಾಲಿರ್ಲಿಲ್ಲ, ಈಗ ಸೇರ್ಕೊಂಡ್ರು ಅಂದ್ರಾಯ್ತು. ಪತ್ರದಲ್ಲಿ ಒಂದಕ್ಷರ ಬದಲಾಯಿಸಂಗಿಲ್ಲ. ಅಮ್ಮ ಗುಡೀಲಿ, ಅಜ್ಜಿ ಪತ್ರದಲ್ಲಿ."

ಮೇಸ್ತ್ರಿಯ ಮುಖ ಅರಳಿತು. "ಸೂಪರ್ ಗುರುವೇ!"

ಗೌಡರೂ ತಲೆದೂಗಿದರು. ಒಂದು ಹೆಬ್ಬೆಟ್ಟಿನಲ್ಲಿ ಎಲ್ಲ ಮುಗಿಯುತ್ತಿತ್ತು. ತೆರಿಗೆ ಉಳಿಯುತ್ತಿತ್ತು, ಕೊಟ್ಟಿಗೆ ಉಳಿಯುತ್ತಿತ್ತು, ಅಜ್ಜಿಗೂ ಸಮಾಧಾನ. ನಾನೂ ಒಂದು ಕ್ಷಣ ಅದನ್ನು ತೂಗಿ ನೋಡಿದೆ.

"ಅಜ್ಜಿಗೆ ಏನು ಅಂತ ಹೇಳಿ ಒತ್ತಿಸ್ತೀರಿ ಗೌಡ್ರೆ?"

"ಏನೋ ಒಂದ್ ಹೇಳೋಣ ಸಾರ್. ಅದುಕ್ಕೆ ಓದಕ್ ಬರಲ್ವಲ್ಲ."

"ನಾಳೆ ಬ್ಯಾಂಕ್‌ನವರು ಬಂದ್ರೆ?"

ಬ್ಯಾಂಕು ಎಂದು ನನ್ನ ಬಾಯಿಂದ ಬಂದದ್ದು ಯೋಚಿಸದೆ. ಬಂದ ಮೇಲೆ ನಿಂತೆ. ಪತ್ರ ಬರಹಗಾರರ ಕೈಯಿಂದ ನಮ್ಮ ಪತ್ರದ ಪ್ರತಿ ತೆಗೆದುಕೊಂಡು, ಲಾಭ ಹಂಚಿಕೆಯ ಸಾಲಿನ ಕೆಳಗಿನ ಸಾಲು ಓದಿದೆ. ಎರಡು ವರ್ಷ ನನ್ನ ಬೀಗದ ಪೆಟ್ಟಿಗೆಯಲ್ಲಿದ್ದ ಪ್ರತಿ. ಆಣೆಗಳು ಸರಿಯಾಗಿ ಕೂಡುತ್ತವೆಯೇ ಎಂದು ನಾನು ಎಷ್ಟೋ ಸಲ ನೋಡಿದ್ದೆ. ಕೆಳಗಿನ ಸಾಲಿನಲ್ಲಿ, ನಷ್ಟವನ್ನೂ ಪಾಲುದಾರರು ಇದೇ ಪ್ರಮಾಣದಲ್ಲಿ ಹೊರತಕ್ಕದ್ದು, ಸಂಸ್ಥೆಯ ಸಾಲಗಳಿಗೆ ಎಲ್ಲ ಪಾಲುದಾರರೂ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆಯಾಗತಕ್ಕದ್ದು ಎಂದಿತ್ತು.

"ಹೆಬ್ಬೆಟ್ಟು ಬೇಡ," ಎಂದೆ. "ಅಜ್ಜಿ ಹತ್ರ ನಾನೇ ಮಾತಾಡ್ತೀನಿ. ಇದರಲ್ಲಿ ಇರೋದನ್ನ ಇರೋ ಹಾಗೆ ಹೇಳ್ತೀನಿ. ಕೊಟ್ಟಿಗೆ ಬಿಡಿ ಅಂದ್ರೆ ಬಿಡೋಣ."

"ಎಲ್ಲಿಗ್ ಹೋಗ್ತೀರಿ ಯಂತ್ರ ಹೊತ್ಕೊಂಡು?" ಮೇಸ್ತ್ರಿ ಸಿಟ್ಟಾಗಿದ್ದರು. "ನಿಮ್ ಪಿಂಚಣಿ ಬರುತ್ತೆ ಸಾರ್, ನಮ್ಗೇನ್ ಬರುತ್ತೆ?"

ಆದರೂ ಗೌಡರನ್ನು ಕರೆದುಕೊಂಡು ಹೊರಟೆ.

ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಹಿಸುಕಿದ ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಮೊರಕ್ಕೆ.

"ಬನ್ನಿ ಸಾಮಿ, ಕುಂತ್ಕಳಿ. ಕಾಳು ಇಸ್ಕಂಡ್ ಹೋಗಿ ಮನೆಗೆ."

"ಅಜ್ಜಿ, ಈಚೆಗೆ ಯಾರಾದ್ರೂ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರಾ?"

"ಹೂಂ, ಓಟಿನ್ ಪಟ್ಟಿಯೋರು. ದೊಡ್ಡಮ್ಮ ನೀವೇನಾ ಅಂದ್ರು. ಹೂಂ ಅಂದೆ. ಟ್ರಂಕಿನ್ ದುಡ್ ಬರುತ್ತಾ ನಿಮ್ಗೆ ಅಂದ್ರು. ಅಮ್ಮನ್ ದುಡ್ ನಾನ್ ಮುಟ್ತೀನಾ? ಆಣೆ ಇಡ್ತೀನಿ ಅಂದೆ."

"ಓಟಿನ ಪಟ್ಟಿಯವರು ಟ್ರಂಕಿನ ವಿಷಯ ಯಾಕೆ ಕೇಳ್ತಾರೆ ಅಜ್ಜಿ?"

"ಈಗಿನ್ ಕಾಲ್ದಲ್ಲಿ ಏನ್ ಬೇಕಾದ್ರೂ ಕೇಳ್ತಾರಪ್ಪಾ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಆಫೀಸರು ಕೊಟ್ಟ ಗಡುವಿನ ಮಾತಿಗೆ ಬರುತ್ತಿದ್ದಂತೆ ಅಜ್ಜಿಯ ಕೈ ನಿಂತಿತು.

"ಅಮ್ಮನ್ ಪಾಲು ಕಿತ್ತಾಕಕ್ಕೆ ಬಂದ್ರಾ?"

"ಕಿತ್ತು ಹಾಕೋದು ಬಿಡೋದು ನಿಮಗೆ ಸೇರಿದ್ದು. ನೀವು ಬರೆಸಿದ ಪತ್ರದಲ್ಲಿ ಏನಿದೆ ಅಂತ ಮಾತ್ರ ಹೇಳ್ತೀನಿ. ಲಾಭದಲ್ಲಿ ಅಮ್ಮನಿಗೆ ರೂಪಾಯಿಗೆ ಒಂದಾಣೆ."

"ಸರಿ."

"ನಷ್ಟದಲ್ಲೂ ಒಂದಾಣೆ."

"ನಷ್ಟ ಅಂದ್ರೆ?"

"ಕಂಪನಿ ಮುಳುಗಿದ್ರೆ ಅದರಲ್ಲಿ ಒಂದಾಣೆ ಅಮ್ಮ ಕಟ್ಟಬೇಕು. ಅಷ್ಟೇ ಅಲ್ಲ. ಯಂತ್ರಕ್ಕೆ ಬ್ಯಾಂಕಿನಲ್ಲಿ ಸಾಲ ಇದೆ. ನಾವು ಮೂರೂ ಜನ ಕೈ ಎತ್ತಿದ್ರೆ, ಉಳಿದ ಪಾಲುದಾರರ ಹತ್ರ ಏನಿದೆಯೋ ಅದರಿಂದ ಪೂರ್ತಿ ಸಾಲ ವಸೂಲು ಮಾಡಬಹುದು. ಕಾಗದದಲ್ಲಿ ಹಾಗಿದೆ."

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಅವ್ಳ ತಾವ ಏನೈತೆ ಸಾಮಿ? ಒಂದ್ ಬೆಳ್ಳಿ ಮುಖ. ನಮ್ಮತ್ತೆ ಕಾಲ್ದ್ ಎರಡ್ ಕಣ್ಣು."

ಬ್ಯಾಂಕಿನವರು ದೇವಿಯ ಮುಖಕ್ಕೆ ಕೈ ಹಾಕುತ್ತಾರೆಂದು ನಾನು ನಂಬಿರಲಿಲ್ಲ, ಹಾಗೆಂದು ಹೇಳಲೂ ಇಲ್ಲ. ಪತ್ರದ ಮಾತು ಹೇಳುತ್ತೇನೆಂದಿದ್ದೆ, ಅಷ್ಟಕ್ಕೇ ನಿಲ್ಲಿಸಿದೆ.

ಆಕೆ ಗೌಡರ ಕಡೆ ತಿರುಗಿದರು. "ಏನ್ಲಾ, ಅಮ್ಮನ್ನ ಸಾಲಕ್ಕೆ ಜಾಮೀನು ನಿಲ್ಸಿದ್ಯೇನ್ಲಾ?"

"ನೀನೇ ಅಲ್ವಾ ಬರ್ಸು ಅಂದಿದ್ದು!"

"ಪಾಲಿಕ್ಕು ಅಂದೆ. ಸಾಲಕ್ಕೆ ಸೇರ್ಸು ಅಂದ್ನಾ? ಊರ್ ಕಾಯೋಳ್ನ ತಕ್ಕೊಂಡೋಗಿ ಬ್ಯಾಂಕ್ ಬಾಗ್ಲಲ್ಲಿ ನಿಲ್ಸಿದ್ದೀಯಲ್ಲ, ಹಾಳಾದೋನೆ! ಇವತ್ತೇ ಅವ್ಳ ಹೆಸ್ರು ತೆಗ್ಸು. ನಿಮ್ ಪಾಲು ನಿಮ್ ಕೈಗ್ ಬಂದ್ಮೇಲೆ ಕೊಡೋದಿದ್ರೆ ಕೊಡಿ, ಇಲ್ಲಾಂದ್ರೆ ಬಿಡಿ. ಅವ್ಳಿಗೆ ಸಾಲ ಬ್ಯಾಡ."

ಗೌಡರು ದೀರ್ಘವಾಗಿ ಉಸಿರು ಬಿಟ್ಟರು. ಕೊಟ್ಟಿಗೆ ಉಳಿಯಿತು, ನೋಂದಣಿಗೆ ದಾರಿಯಾಯಿತು. ನಾನು ಪತ್ರ ಮಡಚಿಕೊಂಡು ಏಳುತ್ತಿದ್ದೆ.

"ಹಂಗಾದ್ರೆ ನಿಮ್ ಮನೆ ಸಾಮಿ?" ಎಂದರು ಅಜ್ಜಿ.

"ನಮ್ಮ ಮನೆ ಏನು ಅಜ್ಜಿ?"

"ನೀವೂ ಪಾಲುದಾರ್ರೇ ಅಲ್ವಾ? ಇವ್ರಿಬ್ರೂ ಕೈ ಎತ್ತಿದ್ರೆ ನಿಮ್ ಮನೇನೂ ಹೋಗುತ್ತಾ?"

ನಾನು ಎದ್ದವನು ಹಾಗೆಯೇ ನಿಂತೆ. ದೇವಿಗೆ ಅನ್ವಯಿಸುವ ನಿಯಮವನ್ನು ಒಂದೊಂದೇ ಮೆಟ್ಟಿಲಾಗಿ ಇಳಿಸಿ ಹೇಳಿದವನು ನಾನು. ಅದೇ ಮೆಟ್ಟಿಲ ಮೇಲೆ ನಾನೂ ನಿಂತಿದ್ದೇನೆಂದು ಒಮ್ಮೆಯಾದರೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಒಂದನೇ ತಾರೀಖು ಸಹಿ ಹಾಕಿ ಲಕೋಟೆ ತೆಗೆದುಕೊಳ್ಳುವವನು ಸಂಬಳಗಾರ. ಕಂಪನಿ ಮುಳುಗಿದರೆ ಸಂಬಳಗಾರನ ಕೆಲಸ ಹೋಗುತ್ತದೆ, ಮನೆ ಹೋಗುವುದಿಲ್ಲ. ಎರಡು ವರ್ಷ ನಾನು ಆ ನಂಬಿಕೆಯಲ್ಲಿ ಮಲಗಿ ಎದ್ದಿದ್ದೆ. ಬಸವೇಶ್ವರನಗರದ ಆ ಮನೆಯ ಒಂದೊಂದು ಕಿಟಕಿಯ ಅಳತೆಯೂ ನನಗೆ ಬಾಯಿಪಾಠ. ಅದು ನಮ್ಮ ಪತ್ರದೊಳಗೆ ಇತ್ತು ಎಂಬುದು ಮಾತ್ರ ತಿಳಿದಿರಲಿಲ್ಲ.

"ಹೋಗಬಹುದು," ಎಂದೆ.

"ನಿಮ್ ಮನೆಯೋರಿಗೆ ಗೊತ್ತಾ?"

"ಇಲ್ಲ."

ಅಜ್ಜಿ ಹಿಸುಕಿದ ಬೇಳೆಯನ್ನು ಬಾಳೆ ಎಲೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು.

ಹೊಸ ಪತ್ರ ಬರೆಸುವಾಗಲೂ ಎಡವುತ್ತಿದ್ದೆವು. ಪತ್ರ ಬರಹಗಾರರು, "ನಾಲ್ಕನೇ ಪಾಲುದಾರರು ಸ್ವಇಚ್ಛೆಯಿಂದ ನಿವೃತ್ತರಾಗಿರುತ್ತಾರೆ," ಎಂದು ಹೊಡೆಯಲು ಶುರು ಮಾಡಿದರು. ನಾನು ಕೈ ಅಡ್ಡ ಹಿಡಿದೆ. ಸ್ವಇಚ್ಛೆ ಎಂದರೆ ಅದಕ್ಕೂ ಸಹಿ ಕೇಳುತ್ತಾರೆ. ಆ ಹಾಳೆ ಬಿಟ್ಟು ಹೊಸ ಸ್ಟಾಂಪ್ ಪೇಪರು ತೆಗೆದುಕೊಂಡು, ಮೂರು ಜನ, ಮೂರು ಸಮಪಾಲು, ಎಂದಷ್ಟೇ ಬರೆಸಿದೆವು. ಸಂಬಳ ಎಂಬ ಪದ ಎಲ್ಲಿಯೂ ಬಾರದಂತೆ ನೋಡಿಕೊಂಡೆ. ಸಹಿ ಹಾಕುವ ಮುನ್ನ ಹೊಣೆಯ ಸಾಲನ್ನು ಮೂವರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ. ಮೇಸ್ತ್ರಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು.

"ನನ್ಹತ್ರ ಏನಿದೆ ಸಾರ್ ತಗೊಂಡೋಗಕ್ಕೆ? ಸುತ್ತಿಗೆ," ಎಂದು ಕೊನೆಗೆ ಸಹಿ ಹಾಕಿದರು.

ಮಾರ್ಚ್ ಮುಗಿಯುವ ಮುನ್ನ ಪತ್ರವನ್ನೂ ಅರ್ಜಿಯನ್ನೂ ಕೊಟ್ಟೆವು. ಆಫೀಸರು ಸಹಿಗಳನ್ನು ಒಂದೊಂದಾಗಿ ನೋಡಿದರು. "ಮೂರೂ ಮನುಷ್ಯಾರದೇ ಅಲ್ರಿ?" ಎಂದು ಕೇಳಿ ಸ್ವೀಕರಿಸಿದರು. ಎರಡನೇ ವರ್ಷ ಉಳಿಯಿತು. ಮೊದಲ ವರ್ಷದ ತೆರಿಗೆಯ ಆದೇಶ ಅದೇ ವಾರ ಕೈಗೆ ಬಂತು. ಕಂತಿನಲ್ಲಿ ಕಟ್ಟಲು ಒಪ್ಪಿಗೆ ಸಿಕ್ಕಿತು. ಮೊದಲ ಕಂತಿಗೇ ಯಂತ್ರಕ್ಕೆಂದು ಇಟ್ಟಿದ್ದರಲ್ಲಿ ಅರ್ಧ ಹೋಯಿತು. ಉಳಿದ ಕಂತುಗಳು ತೀರುವವರೆಗೆ ಮೂವರೂ ಏನೂ ಎತ್ತಿಕೊಳ್ಳಬಾರದು ಎಂದು ನಿಶ್ಚಯಿಸಿದೆವು. ಮೇಸ್ತ್ರಿಗೆ ಮಾತ್ರ ಮನೆ ನಡೆಯುವಷ್ಟು ಕೊಟ್ಟು ಅದನ್ನು ಡ್ರಾಯಿಂಗ್ಸ್ ಎಂದು ಬರೆದೆ.

ಏಪ್ರಿಲ್ ಒಂದನೇ ತಾರೀಖು ಕೆಲಸಗಾರರಿಬ್ಬರಿಗೆ ಕೂಲಿ ಕೊಟ್ಟು, ಮೇಜು ಮಡಚಿಟ್ಟು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಳು.

"ಲಕೋಟೆ ಎಲ್ರೀ?"

"ಇಲ್ಲ. ಇನ್ಮೇಲೆ ಸಂಬಳ ಇಲ್ಲ. ನಾನು ಸಂಬಳದವನಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿದೆ."

"ಆ ಕಾಗದ ತೋರ್ಸಿದ್ರೆ ರೇಷನ್ ಅಂಗಡಿಯೋನು ಸಕ್ಕರೆ ಕೊಡ್ತಾನಾ?"

ಪಿಂಚಣಿ ಇತ್ತು, ಊಟಕ್ಕೆ ತೊಂದರೆಯಿರಲಿಲ್ಲ. ಅದನ್ನು ಹೇಳಿದೆ. ಆಮೇಲೆ ಕುಳಿತು, ಅಜ್ಜಿಗೆ ಹೇಳಿದ ಹಾಗೆಯೇ, ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಕೊನೆಗೆ ಮನೆಯ ಮಾತು. ಅವಳು ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ನೆಲಕ್ಕಿಟ್ಟಳು.

"ಈ ಮನೇನಾ?"

"ಈ ಮನೆ."

"ಈಗ ಹೊಸ ಪತ್ರ ಮಾಡಿದ ಮೇಲಾ?"

"ಮೊದಲ ದಿನದಿಂದಲೂ."

ಅವಳು ಗೋಡೆ ನೋಡಿದಳು, ಸೂರು ನೋಡಿದಳು. ನಾನು ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ.

"ನಷ್ಟ ಆಗಿದ್ರೆ ದೊಡ್ಡಮ್ಮನೂ ಕೊಡಬೇಕಿತ್ತು ಅಂದ್ರಿ?"

"ಹೌದು. ರೂಪಾಯಿಗೆ ಒಂದಾಣೆ."

"ಮತ್ತೆ ಆಕೇನ ಯಾಕ್ರೀ ಬಿಟ್ಟುಬಿಟ್ರಿ? ನಿಮ್ಮ ನಾಲ್ಕು ಜನದಲ್ಲಿ ಕೈ ಎತ್ತದೆ ಇರೋಳು ಅವಳೊಬ್ಬಳೇ ಅಲ್ವಾ?"